ಹಳದಿಗೆ ಬಿಳಿ ಸೇರಿಸಿದರೆ ಕೆಂಪು

ತಿಪಟೂರಿನಲ್ಲಿ ಪಂಕಜಾ ಮಿಸ್ ತಮ್ಮ ಮನೆಯ ಮಹಡಿಯಲ್ಲೇ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್ ನಡೆಸುತ್ತಿದ್ದರು.

ಅವತ್ತು ಬಣ್ಣ ಬೆರೆಸುವ ಪಾಠ. ಹಳದಿಗೆ ಬೇರೆ ಬಣ್ಣ ಬೆರೆಸಿದರೆ ಏನಾಗುತ್ತದೆ ಎಂದು ಮಿಸ್ ಕೇಳಿದಾಗ ಒಂದನೇ ಕ್ಲಾಸಿನ ಸಿಂಚನಾ ಥಟ್ಟನೆ ಎದ್ದು ನಿಂತಳು...

"ಹಳದಿಗೆ ಬಿಳಿ ಹಾಕಿದ್ರೆ ಕೆಂಪಾಗತ್ತೆ ಮಿಸ್. ನಮ್ಮಜ್ಜಿ ತೋರ್ಸಿದಾರೆ."

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಮಿಸ್‌ಗೂ ನಗು ಬಂತು.

ಹುಡುಗಿ ಹಟಮಾರಿ. ಡಬ್ಬಿಯಲ್ಲಿದ್ದ ಹಳದಿ, ಬಿಳಿಯನ್ನೆಲ್ಲ ಸುರಿದು ಕಲಸಿದಳು, ಕಲಸುತ್ತಲೇ ಇದ್ದಳು... ಬಂದದ್ದು ಪೇಲವ ಹಳದಿ.

"ನಿಮ್ಮಜ್ಜಿ ಸುಳ್ಳು ಹೇಳಿದಾರೆ," ಎಂದ ಪಕ್ಕದವನು.

ಅವತ್ತಿನಿಂದ ಸಿಂಚನಾ ಬ್ರಷ್ ಮುಟ್ಟಲಿಲ್ಲ. ಕ್ಲಾಸಿಗೆ ಬರುವಳು, ಕೈಕಟ್ಟಿ ಕೂರುವಳು. ಅಜ್ಜಿ ಯುಗಾದಿಗೆ ಮುಂಚೆ ತೀರಿಕೊಂಡರೆಂದು ಅವಳಮ್ಮ ಮಿಸ್‌ಗೆ ಹೇಳಿದರು.

ಮುಂದಿನ ವಾರ ಎದುರುಮನೆಗೆ ಬಾಣಂತಿ, ಮಗು ಬಂದರು. ಆರತಿ ನೀರು ಕಲಸಿಕೊಡಲು ಮಿಸ್‌ಗೆ ಕರೆ ಬಂತು.

ತಟ್ಟೆಯಲ್ಲಿ ನೀರು, ಚಿಟಿಕೆ ಅರಿಶಿನ... ಎಲೆಗೆ ಹಚ್ಚುವ ಸುಣ್ಣ ಒಂದಿಷ್ಟು. ಬೆರಳಾಡಿಸಿದ್ದೇ ತಡ, ನೀರು ಕೆಂಪಾಯಿತು.

ಮಿಸ್‌ಗೆ ಸಿಂಚನಾಳ ಮಾತು ನೆನಪಾಯಿತು.

ಎಷ್ಟು ವರ್ಷದಿಂದ ಕಲಸಿದ ಕೈ ಇದು! ಚಿಕ್ಕವರಿದ್ದಾಗ ಅವರ ಅಜ್ಜಿಯೂ ಹೊಸಿಲಲ್ಲಿ ಕೂರಿಸಿಕೊಂಡು, "ಕಣ್ಮುಚ್ಚು... ಈಗ ಬಿಡು," ಎಂದು ಇದೇ ಜಾದೂ ತೋರಿಸುತ್ತಿದ್ದರು. ಬಣ್ಣದ ಹುಚ್ಚು ಹತ್ತಿದ್ದೇ ಆ ತಟ್ಟೆಯಿಂದ. ಅದನ್ನೇ ಮರೆತಿದ್ದರಲ್ಲ!

ಮರುದಿನ ಕ್ಲಾಸಿಗೆ ಹಿತ್ತಾಳೆ ತಟ್ಟೆ, ಅರಿಶಿನ, ಸುಣ್ಣದ ಡಬ್ಬಿ ಬಂದವು. ಇವತ್ತಿನ ಪಾಠ ಸಿಂಚನಾಳದ್ದು ಎಂದು ಮಿಸ್ ಅವಳ ಕೈಗೆ ಚಮಚ ಕೊಟ್ಟರು.

ಅವಳು ಹೆದರುತ್ತಲೇ ಕಲಸಿದಳು. ಹಳದಿ ನೀರು ನೋಡನೋಡುತ್ತ ಕೆಂಪಾಯಿತು. ಮಕ್ಕಳು ತಟ್ಟೆಗೆ ಮುಗಿಬಿದ್ದರು.

ಸಿಂಚನಾ ಮಾತ್ರ ನಗಲಿಲ್ಲ. ಕಣ್ಣು ತುಂಬಿಕೊಂಡು ಮಿಸ್ ಸೆರಗು ಹಿಡಿದಳು.

"ಹಂಗಾದ್ರೆ... ನಮ್ಮಜ್ಜಿ ಸುಳ್ಳು ಹೇಳಿಲ್ಲ ಅಲ್ವಾ ಮಿಸ್?"

"ಇಲ್ಲ ಪುಟ್ಟಿ. ನಾನೇ ಮರ್ತಿದ್ದೆ," ಎಂದು ಮಿಸ್ ಅವಳನ್ನು ತಬ್ಬಿಕೊಂಡು ಅತ್ತರು.

ಆಮೇಲೆ ಸಿಂಚನಾ ಒಂದು ಹಾಳೆ ತೆಗೆದು ಮುದ್ದೆ ಮಾಡಿ ಮತ್ತೆ ಹರವಿದಳು. ಅದರ ಮೇಲೆ ಒಂದು ಕೈ ಬರೆದು ಆ ಕೆಂಪನ್ನೇ ಬಳಿದಳು. ಸುಕ್ಕುಗಳಲ್ಲೆಲ್ಲ ಬಣ್ಣ ಇಳಿದು ಗೆರೆಗೆರೆ ಮೂಡಿತು.

ಮೆಲ್ಲಗೆ ಅದನ್ನು ಸವರಿ ನೋಡಿ ಹೇಳಿದಳು... "ಅಜ್ಜಿ ಕೈ ಹಿಂಗೇ ಇತ್ತು."

*ಮಗು ತಪ್ಪು ಉತ್ತರ ಹೇಳಿದಾಗ ತಿದ್ದುವ ಮೊದಲು, ಅದನ್ನು ಯಾರ ಮಡಿಲಲ್ಲಿ ಕಲಿತಿತೆಂದು ಕೇಳಿ.*

ನಿಮಗೆ ಮೊದಲ ಬಣ್ಣ ತೋರಿಸಿದ ಕೈ ಯಾರದ್ದು... ನೆನಪಿದೆಯಾ?