ಜುಬ್ಬದ ಜೇಬಿನ ಧೈರ್ಯ

ಗುರುಸಿದ್ದಪ್ಪ ಪುರಸಭೆ ಚುನಾವಣೆಗೆ ನಿಂತರೆ ಒಂದು ಕೈ ನೋಡಿಕೊಳ್ಳುತ್ತೇನೆ ಎಂದು ಎದುರಾಳಿ ಓಬಳೇಶ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹಾಗಾಗಿ ಗುರುಸಿದ್ದಪ್ಪನವರು ಲೈಸೆನ್ಸ್ ಮಾಡಿಸಿಕೊಂಡು ಬಂದೂಕಿನ ಅಂಗಡಿಗೆ ಬಂದಿದ್ದರು. ಮೊದಲು ತೋರಿಸಿದ ಪಿಸ್ತೂಲಿನ ಭಾರಕ್ಕೆ ಜುಬ್ಬದ ಜೇಬು ಮೊಣಕಾಲಿಗಿಳಿಯಿತು.

“ಇನ್ನೂ ಚಿಕ್ಕದು?”

ಅಂಗಡಿಯವನು ಅಂಗೈಯಗಲದ ರಿವಾಲ್ವರ್ ಇಟ್ಟ. “ಇದಕ್ಕಿಂತ ಚಿಕ್ಕದು ದೀಪಾವಳಿಗೆ ಸಿಗುತ್ತೆ ಸಾರ್.”

ಅದನ್ನು ಜೇಬಿಗಿಳಿಸಿದ ದಿನದಿಂದ ಗುರುಸಿದ್ದಪ್ಪನವರ ನಡಿಗೆಯೇ ಬದಲಾಯಿತು. ಎಲ್ಲಿ ಗುಂಡು ಹಾರಿಬಿಡುತ್ತದೋ ಎಂದು ಜೋರಾಗಿ ಕೆಮ್ಮುವುದನ್ನೂ ಬಿಟ್ಟರು.

ಚುನಾವಣೆ ಘೋಷಣೆಯಾದದ್ದೇ ತಡ, ಠಾಣೆಯಿಂದ ಫೋನು ಬಂತು.

“ಚುನಾವಣೆ ಮುಗಿಯೋವರೆಗೂ ನಿಮ್ಮ ಆಯುಧ ಇಲ್ಲಿರಬೇಕು.”

“ಚುನಾವಣೆಗೇ ಅಂತ ತಗೊಂಡಿದ್ದು ಸ್ವಾಮಿ.”

“ಎಲ್ಲರೂ ಅದನ್ನೇ ಹೇಳ್ತಾರೆ.”

ಠಾಣೆಗೆ ಹೋದರೆ, ಓಬಳೇಶನೂ ಅಂಥದ್ದೇ ಪುಟ್ಟ ರಿವಾಲ್ವರ್ ಒಪ್ಪಿಸುತ್ತಿದ್ದ. ಗುರುಸಿದ್ದಪ್ಪನವರು ತಮ್ಮದನ್ನೂ ಕೊಟ್ಟು, ಅವನತ್ತ ನೋಡದೆ, ಬೇಗಬೇಗ ಹೊಸಿಲು ದಾಟಿದರು. ಓಬಳೇಶ ಹಿಂದೆಯೇ ಓಡಿಬಂದು ಅವರ ತೋಳು ಹಿಡಿದ.

“ನಿಮಗೆ ಹೆದರಿ ತಗೊಂಡಿದ್ದೆ, ಅಣ್ಣಾ. ಈಗ ಬರಿಗೈಲಿ ಒಬ್ಬನೇ ಮನೆಗೆ ಹೋಗೋಕೆ ಭಯ. ಸ್ವಲ್ಪ ಜೊತೆಗೆ ಬರ್ತೀರಾ?”