ದ್ಯಾಮಣ್ಣ ಉಳಿಸಿಕೊಂಡ ಸಾಲು

ಆ ನಾಡಿನಲ್ಲಿ ಅರವತ್ತು ತುಂಬಿದವರೆಲ್ಲ ತಮ್ಮ ಬಾಳನ್ನು ಬರೆದು ತಿದ್ದಿಸಿಕೊಳ್ಳಲೇಬೇಕಿತ್ತು. ಸಂಪಾದಕರು ಹೊಡೆದುಹಾಕಿದ ಸಾಲು ಬರೆದವರ ನೆನಪಿನಿಂದಲೂ ಅಳಿಸಿಹೋಗುತ್ತಿತ್ತು. ನೇಕಾರ ದ್ಯಾಮಣ್ಣ ಬರೆಯುವುದಕ್ಕೆ ಹೊಸಬ. ಸಂಪಾದಕಿ ನೀಲಗಂಗಾಳ ಮೇಜಿನ ಮುಂದೆ ಮುದುಡಿ ನಿಂತ.

“ಅಕ್ಕಾರ, ನನ್ನ ಹಾಳಿ ಅಂಚಿಗೆ ಬರ್ದೀರಲ್ರಿ, ಪುನರುಕ್ತಿ ಅಂದ್ರ ಏನ್ರಿ?”

“ಹೇಳಿದ್ದನ್ನ ಮತ್ತ ಹೇಳೋದ್ರಿ. ಪುಟಪುಟಕ್ಕೂ ನಿಮ್ಮ ಹೆಂಡ್ತೀನ ಬರ್ತಾರಲ್ರಿ ಯಜಮಾನ್ರ!” ನೀಲಗಂಗಾ ನಕ್ಕಳು. “ಒಂದು ಸಾಲು ಇಟ್ಕೋರಿ. ಉಳಿದದ್ದೆಲ್ಲಾ ಹೊಡೀತೀನಿ.”

ಮಗ್ಗದ ಪಕ್ಕ ಕೂತು ಹೆಂಡತಿ ನೂಲು ಸುತ್ತುತ್ತಿದ್ದದ್ದು, ತಾನೇ ಬೇಯಿಸುತ್ತಿದ್ದ ರೊಟ್ಟಿ ಸೀದರೂ ಅವನನ್ನೇ ಬೈಯುತ್ತಿದ್ದದ್ದು, ಎಲ್ಲವನ್ನೂ ದ್ಯಾಮಣ್ಣ ಬೆರಳಿಟ್ಟು ಓದಿದ. ಕಡೆಗೆ ಅವಳು ತೀರಿಕೊಂಡ ದಿನದ ಸಾಲನ್ನು ತೋರಿಸಿದ.

“ಇದ್ಯಾಕ್ರಿ? ಚಲೋ ಚಲೋವು ಎಷ್ಟೊಂದು ಅದಾವ!”

“ಚಲೋದು ಇಟ್ಕೊಂಡು ಸತ್ತದ್ದು ಮರತ್ರ, ದಿನಾ ಆಕೀಗೂ ತಾಟು ಇಟ್ಟು ಕಾಯ್ಕೋತ ಕೂಡ್ತೀನ್ರಿ ಅಕ್ಕಾರ.”