ಮೂರನೇ ಸಿಲಿಂಡರಿನ ಟಕಟಕ

ಕಿವಿ ಡಾಕ್ಟರ ಬಳಿಗೆ ಬರುವುದಿಲ್ಲವೆಂದು ಗಂಡ ಆರು ತಿಂಗಳು ಪಟ್ಟು ಹಿಡಿದ ಮೇಲೆ, ಟೀಚರಮ್ಮ ಕಿವಿ ಡಾಕ್ಟರನ್ನೇ ಮನೆಯ ಗ್ಯಾರೇಜಿಗೆ ಕರೆಸಿದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ತಮ್ಮ ಹಳೆಯ ಬಿಎಂಡಬ್ಲ್ಯುವನ್ನು ತಂದು ಗಂಡನ ಹಳೆಯ ಬಿಎಂಡಬ್ಲ್ಯು ಪಕ್ಕದಲ್ಲಿ ನಿಲ್ಲಿಸಿದರು. ಎರಡೂ ಒಂದೇ ಮಾಡೆಲ್. ಎರಡಕ್ಕೂ ಮೂವತ್ತೈದು ತುಂಬಿತ್ತು. ಎಂಜಿನ್ನಿನಲ್ಲಿ ಟಕಟಕ ಸದ್ದು ಬರುತ್ತಿದೆಯಂತೆ, ನಿಮಗೆ ತೋರಿಸಬೇಕಂತೆ ಎಂದಷ್ಟೇ ಆಕೆ ಗಂಡನಿಗೆ ಹೇಳಿದ್ದರು. ಬರುವವರ ಕಸುಬು ಏನೆಂದು ಹೇಳಿರಲಿಲ್ಲ.

ಗಂಡ ಸರ್ವೇಯರು. ಹಳೆ ಕಾರಿನ ಗೆಳೆಯರ ನಡುವೆ ಮಾತ್ರ ಅವರ ಹೆಸರು ‘ಸ್ಟೆತಸ್ಕೋಪ್’. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವರು ಎಂಬ ಖ್ಯಾತಿ. ಎರಡು ವರ್ಷಗಳಿಂದ ಅವರ ಕಾರು ದಿನೇ ದಿನೇ ನಿಶ್ಶಬ್ದವಾಗುತ್ತಾ ಬಂದಿತ್ತು. ನಾಲ್ಕು ಬಾಗಿಲಿಗೂ ಹೊಸ ರಬ್ಬರ್ ಬೀಡಿಂಗ್ ಕೂರಿಸಿದ್ದರು, ಕಾರ್ಪೆಟ್ಟಿನ ಅಡಿಗೆ ದಪ್ಪ ಫೆಲ್ಟ್ ಹಾಸಿದ್ದರು, ಸೈಲೆನ್ಸರ್ ಬದಲಾಯಿಸಿದ್ದರು. ಒಂದೊಂದು ಕೆಲಸ ಮುಗಿದಾಗಲೂ ಎಷ್ಟು ಸದ್ದು ಇಳಿಯಿತು ನೋಡು ಎಂದು ಬೀಗುತ್ತಿದ್ದರು. ಅದೇ ಅವಧಿಯಲ್ಲಿ ಮನೆಯ ಮಿಕ್ಸಿ, ಬಾಗಿಲ ಬೆಲ್ಲು, ಹೆಂಡತಿಯ ಗಂಟಲು ಕೂಡ ಸಣ್ಣಗಾದದ್ದರ ಬಗ್ಗೆ ಅವರು ತಲೆ ಕೆಡಿಸಿಕೊಂಡಿರಲಿಲ್ಲ. ಮೂವತ್ತು ವರ್ಷ ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಹೇಳಿದವಳಿಗೆ, ಬಾಯೊಳಗೇ ಮಾತಾಡ್ತೀಯ ಎಂದು ಗದರುತ್ತಿದ್ದರು.

ಹಿಂದಿನ ವಾರ ಲಾರಿಯೊಂದು ಬೆನ್ನ ಹಿಂದೆ ಮೂರು ಸಲ ಹಾರ್ನ್ ಹೊಡೆದರೂ ಸರ್ವೇಯರು ದಾರಿ ಬಿಡಲಿಲ್ಲ. ಅದು ಕಾರಿನ ಕನ್ನಡಿಯನ್ನು ಸವರಿಕೊಂಡು ಮುಂದೆ ಹೋದಾಗ, ಬೀಡಿಂಗ್ ಎಷ್ಟು ಚೆನ್ನಾಗಿ ಕೂತಿದೆ ಎಂದು ಮೆಚ್ಚಿಕೊಂಡರು. ಟೀಚರಮ್ಮ ಪಕ್ಕದಲ್ಲೇ ಕೂತಿದ್ದರು. ಹಳೆ ಕಾರಿನವರ ಪಟ್ಟಿ ತಡಕಾಡಿ, ಗಂಡ ಇನ್ನೂ ಮುಖ ನೋಡಿರದ ಈ ಡಾಕ್ಟರನ್ನು ಆಕೆ ಹುಡುಕಿದ್ದು ಮರುದಿನವೇ.

ಡಾಕ್ಟರು ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿದರು. ಟೀಚರಮ್ಮನಿಗೆ ಅದು ಗೇಟಿನ ಬಳಿಗೇ ಹೊಲಿಗೆ ಯಂತ್ರದಂತೆ ಕೇಳಿಸಿತು. ಸರ್ವೇಯರು ಎಂಜಿನ್ನಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಅರ್ಧ ನಿಮಿಷ ನಿಂತರು.

“ಬೆಣ್ಣೆ ಇದ್ದ ಹಾಗಿದೆ ಕಣ್ರೀ. ಸದ್ದು ಇರೋದು ನಿಮ್ಮ ತಲೇಲಿ.”

ಇನ್ನು ಬಾಯಿ ಬಿಡಿ ಎಂಬಂತೆ ಟೀಚರಮ್ಮ ಡಾಕ್ಟರ ಮುಖ ನೋಡಿದರು. ಆದರೆ ಸರ್ವೇಯರು ಬರಿಗಿವಿಯ ಮೇಲೆ ವರದಿ ಕೊಡುವ ಮನುಷ್ಯರಲ್ಲ. ಗೋಡೆಯಿಂದ ಒಂದಡಿ ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು, ಅದರ ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರು. ತುದಿಯನ್ನು ನಾಲ್ಕು ನಾಲ್ಕು ಬೆರಳಿನಷ್ಟು ಸರಿಸಿದರು. ಮೂರನೆಯ ಜಾಗದಲ್ಲಿ ಹುಬ್ಬು ಮೇಲೇರಿತು.

“ಮೂರನೇ ಸಿಲಿಂಡರ್. ಹೊಗೆ ಹೊರಗೆ ಹೋಗೋ ಕಡೆಯ ವಾಲ್ವು. ಅದನ್ನ ತಳ್ಳೋ ಟ್ಯಾಪೆಟ್ ಸಡಿಲ ಆಗಿದೆ, ಒಂದು ಕೂದಲೆಳೆಯಷ್ಟು.”

ಡಾಕ್ಟರು ಹಿಂದಿನ ದಿನವೇ ವಾಲ್ವುಗಳ ಸಂದಿಗೆ ತೆಳು ಅಳತೆಪಟ್ಟಿ ತೂರಿಸಿ ನೋಡಿದ್ದರು. ಅದೇ ವಾಲ್ವು. ಟೀಚರಮ್ಮನ ಲೆಕ್ಕ ತಲೆಕೆಳಗಾಯಿತು. ರೋಗ ತೋರಿಸಲೆಂದು ಕರೆಸಿದ ಡಾಕ್ಟರ ಎದುರಿಗೇ ಈ ಮನುಷ್ಯ ಪಾಸಾಗಿಬಿಟ್ಟಿದ್ದರು. ನನಗೆ ಕಿವಿ ಕೇಳಿಸಲ್ಲ ಅಂತ ಇವಳು ಊರೆಲ್ಲ ಡಂಗುರ ಹೊಡೀತಾಳೆ ಎಂದು ಸರ್ವೇಯರು ಬಂದವರಲ್ಲಿ ದೂರು ಕೂಡ ಕೊಟ್ಟರು.

ಡಾಕ್ಟರ ಮುಖ ಮಾತ್ರ ಅರಳಿತ್ತು. ಅವರು ಎಂಜಿನ್ ಆರಿಸಿ, ಸರ್ವೇಯರ ಬೆನ್ನ ಹಿಂದೆ ಹೋಗಿ, ನಿಮ್ಮ ಕಾರಿಗೆ ಯಾವ ಆಯಿಲ್ ಹಾಕ್ತೀರಿ ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಒಂದು ಗಂಟೆ ಉತ್ತರ ಬರುವಂಥ ಪ್ರಶ್ನೆ. ಉತ್ತರ ಬರಲಿಲ್ಲ. ಡಾಕ್ಟರು ಎದುರಿಗೆ ಬಂದು ನಿಂತರು.

“ಸರ್, ನಾನು ಕಿವಿ ಡಾಕ್ಟರು.”

ಸರ್ವೇಯರು ಹೆಂಡತಿಯ ಕಡೆ ತಿರುಗಿದರು. ಆಕೆ ಗೋಡೆಗೆ ನೇತುಹಾಕಿದ್ದ ಸ್ಪ್ಯಾನರುಗಳನ್ನು ಎಣಿಸತೊಡಗಿದ್ದರು.

ಡಾಕ್ಟರು ಬಿಡಿಸಿ ಹೇಳಿದರು. ಗಾಳಿಯಲ್ಲಿ ಬಂದ ಸದ್ದು ಕೇಳಲಿಲ್ಲ, ಮೂಳೆಯ ಮೂಲಕ ಬಂದದ್ದು ಕೇಳಿತು. ಆಸ್ಪತ್ರೆಯಲ್ಲಿ ಕಂಪಿಸುವ ಲೋಹದ ಕವೆಯನ್ನು ಮೂಳೆಗೆ ಒತ್ತಿ ಮಾಡುವ ಪರೀಕ್ಷೆಯನ್ನು ನೀವೇ ಸ್ಕ್ರೂಡ್ರೈವರಿನಲ್ಲಿ ಮಾಡಿಕೊಂಡಿರಿ. ನರ ಚೆನ್ನಾಗಿದೆ, ಅದಕ್ಕೆ ಸದ್ದು ಮುಟ್ಟಿಸುವ ಭಾಗ ಕೆಟ್ಟಿದೆ.

“ಅದೆಲ್ಲ ಬೀಡಿಂಗಿಂದ.”

“ಬಾನೆಟ್ ತೆಗೆದಿತ್ತಲ್ಲ ಸರ್. ನಿಮಗೂ ಎಂಜಿನ್ನಿಗೂ ಮಧ್ಯೆ ಯಾವ ಬೀಡಿಂಗ್ ಇತ್ತು?”

ಸರ್ವೇಯರು ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿದರು. ಮತ್ತೆ ಒರೆಸಿದರು. ಬಾಯಿ ತೆರೆದಾಗ ದನಿ ಬೇರೆಯಾಗಿತ್ತು. ಬಿಡಿಭಾಗದ ಅಂಗಡಿಯವನೊಡನೆ ಮಾತಾಡುವ ದನಿ. ಕೆಟ್ಟಿರುವುದು ಯಾವ ಭಾಗ, ಸವೆದಿದೆಯೋ ಕಚ್ಚಿಕೊಂಡಿದೆಯೋ ಎಂದು ಕೇಳಿದರು. ಬಹುಶಃ ಒಳಗಿನ ಮೂರನೆಯ ಪುಟ್ಟ ಮೂಳೆ, ಅಕ್ಕಿಕಾಳಿಗಿಂತ ಚಿಕ್ಕದು, ಕಚ್ಚಿಕೊಂಡಿರಬೇಕು ಎಂದರು ಡಾಕ್ಟರು. ಪರೀಕ್ಷೆ ಮಾಡಿ ಖಾತ್ರಿಯಾದರೆ ಅದನ್ನು ತೆಗೆದು ನಾಲ್ಕೂವರೆ ಮಿಲಿಮೀಟರ್ ಉದ್ದದ ಕಡ್ಡಿ ಕೂರಿಸಬಹುದು. ದಪ್ಪ ಎಷ್ಟು? ಅರ್ಧ ಮಿಲಿಮೀಟರಿಗಿಂತ ಒಂದಿಷ್ಟು ಹೆಚ್ಚು. ಯಾವ ಲೋಹ? ಟೈಟಾನಿಯಂ.

ಸರ್ವೇಯರು ಒಮ್ಮೆ ತಮ್ಮ ಕಾರಿನ ಕಡೆ ನೋಡಿದರು. ಅದರಲ್ಲಿ ಟೈಟಾನಿಯಂನ ಒಂದು ನಟ್ಟೂ ಇರಲಿಲ್ಲ.

“ಮಂಗಳವಾರ ಬರ್ತೀನಿ,” ಎಂದರು. ಟೀಚರಮ್ಮ ಉಸಿರು ಬಿಡುವಷ್ಟರಲ್ಲಿ ಗಂಡ ಡಾಕ್ಟರ ಮುಂದೆ ಬೆರಳು ಎತ್ತಿದ್ದರು. “ಆದರೆ ಬಿಚ್ಚಿದ ಹಳೇ ಮೂಳೇನ ನನ್ನ ಕೈಗೇ ಕೊಡಬೇಕು. ಹೊಸದು ಹಾಕಿದೀವಿ ಅಂತ ಹೇಳಿ ಹಳೇದನ್ನೇ ಒರೆಸಿ ಕೂರಿಸೋರನ್ನ ನಾನು ಬೇಕಾದಷ್ಟು ನೋಡಿದೀನಿ.”